ವಾಪಸ್ ಕೇಳದ ತೆರ

ಒಂದು ಶನಿವಾರ ಬೆಳಿಗ್ಗೆ ಮಿಲ್ಪಿಟಾಸಿನ ಜಯರಾಮ್ ಅವರ ಮನೆಗೆ ಒಂದು ಪಟ್ಟಿ ಬಂತು. ಅವರ ಮಗ ಹರ್ಷ ಮದುವೆಯಾಗಲಿದ್ದ ಹುಡುಗಿ ನಕಾಟೊ ಬರ್ಕ್ಲಿಯಲ್ಲಿ ಸಂಶೋಧನೆ ಮಾಡುತ್ತಾಳೆ. ಹುಟ್ಟಿದ್ದು ಉಗಾಂಡದಲ್ಲಿ. ಅವಳನ್ನು ಇಲ್ಲಿ ಸಾಕಿದ್ದು ಹೇವರ್ಡಿನ ಸೋದರತ್ತೆ ರೋಬಿನಾ. ಮುಂದಿನ ಭಾನುವಾರ ಅವರ ಮನೆಯಲ್ಲಿ ನಡೆಯಬೇಕಿದ್ದ ಹೆಣ್ಣು ಕೇಳುವ ಕಾರ್ಯಕ್ಕೆ ಗಂಡಿನ ಕಡೆಯವರು ತರಬೇಕಾದದ್ದರ ಪಟ್ಟಿ ಕಳಿಸಿದ್ದೂ ಅವರೇ.

ಹುಡುಗಿಯ ಅತ್ತೆಗೆ ಒಂದು ಉಡುಗೆ, ಅತ್ತೆಯ ಗಂಡನಿಗೆ ಬಿಳಿ ನಿಲುವಂಗಿ, ಹಣ್ಣಿನ ಬುಟ್ಟಿ, ಸಕ್ಕರೆ, ಹುಡುಗಿಯ ಅಣ್ಣನಿಗೆ ಒಂದು ಜೀವಂತ ಹುಂಜ. ಕೊನೆಯಲ್ಲಿ ಒಂದು ಲಕೋಟೆ. ಲಕೋಟೆಯಲ್ಲಿ ಎಷ್ಟಿರಬೇಕು ಎಂದು ಬರೆದಿರಲಿಲ್ಲ.

"ಅಂದ್ರೆ ವಧುದಕ್ಷಿಣೆ," ಎಂದರು ಜಯರಾಮ್. "ಹೆಣ್ಣಿಗೆ ದುಡ್ಡು. ಈ ಕಾಲದಲ್ಲೂ?"

"ಹುಂಜ ಎಲ್ಲಿ ಸಿಗುತ್ತೆ?" ಎಂದರು ಹೆಂಡತಿ ಪ್ರಭಾ. "ಗ್ರೋಸರಿಯಲ್ಲಿ ಕತ್ತರಿಸಿದ್ದೇ ಬರೋದು."

ಜಯರಾಮ್ ಒಳ್ಳೆಯ ಮನುಷ್ಯರು, ಆದರೆ ಯಾವ ಕೆಲಸವನ್ನೂ ಬಾಕಿ ಇಡುವವರಲ್ಲ. ಶನಿವಾರವೂ ಬಿಡದ ಎರಡು ಮೀಟಿಂಗುಗಳ ನಡುವೆ ಫೋನ್ ತೆಗೆದು ರೋಬಿನಾ ಅವರಿಗೆ ಐದು ಸಾವಿರ ಡಾಲರ್ ಕಳಿಸಿಬಿಟ್ಟರು. ಜೊತೆಗೆ ಒಂದು ಸಾಲು ಟಿಪ್ಪಣಿ: ಫುಲ್ ಅಂಡ್ ಫೈನಲ್.

ಒಂದು ಗಂಟೆಯೊಳಗೆ ಹಣ ಹಿಂದಕ್ಕೆ ಬಂತು. ಅದರ ಹಿಂದೆಯೇ ರೋಬಿನಾ ಅವರ ಸಂದೇಶ: "ನಾವು ಏನನ್ನೂ ಮಾರುತ್ತಿರಲಿಲ್ಲ. ಮುಂದಿನ ಭಾನುವಾರದ ಕಾರ್ಯ ನಿಂತಿದೆ."

ಸಂಜೆ ಹರ್ಷ ನಕಾಟೊಳನ್ನು ಕರೆದುಕೊಂಡೇ ಬಂದ. ಎರಡು ಮನೆ ಆಚೆಯ ಹಂಸಾ ಕೂಡ ಬಂದರು. ಪ್ರಭಾ ಅವರ ಗೆಳತಿ, ಕಷ್ಟದಲ್ಲಿರುವ ಹೆಣ್ಣುಮಕ್ಕಳಿಗೆ ಕೋರ್ಟಿನ ದಾರಿ ತೋರಿಸುವ ಕೆಲಸ ಅವರದು. ಜಯರಾಮ್ ಅವರ ತಾಯಿ ನಂಜಮ್ಮ ಊಟದ ಮೇಜಿನ ತುದಿಯಲ್ಲಿ ಕೊತ್ತಂಬರಿ ಸೋಸುತ್ತ ಕೂತಿದ್ದರು.

"ಕೇಳಿದ್ದಕ್ಕಿಂತ ಜಾಸ್ತೀನೇ ಕೊಟ್ಟೆ," ಎಂದರು ಜಯರಾಮ್. "ಇದ್ರಲ್ಲಿ ಕೋಪ ಯಾಕೆ?"

"ಅಪ್ಪಾ, ಯು ಪೇಯ್ಡ್ ಇಟ್ ಲೈಕ್ ಎ ಬಿಲ್," ಎಂದ ಹರ್ಷ.

ಹಂಸಾ ನಕ್ಕರು. "ಜಯರಾಮ್, ನಿಮ್ಮ ಮದುವೆಗೆ ನಿಮ್ಮತ್ತೆ ಬಾಗಿನದ ಮೊರ ಕೊಡೋ ಬದಲು ಚೆಕ್ ಕಳಿಸಿದ್ರೆ ಹೇಗಿರ್ತಿತ್ತು? ಅವರಲ್ಲೂ ಅಷ್ಟೇ. ಹಿರಿಯರು ಬರಬೇಕು, ಕೂರಬೇಕು, ಹುಡುಗೀನ ಸಾಕಿದವರ ಮುಂದೆ ತಲೆ ಬಾಗಿಸಬೇಕು. ಲಕೋಟೆ ಅದರ ಗುರುತು. ಎಷ್ಟೋ ಮನೆಗಳಲ್ಲಿ ಒಂದಿಷ್ಟು ಮಾತ್ರ ಇಟ್ಕೊಂಡು ಉಳಿದದ್ದು ಹಿಂದಕ್ಕೆ ಕೊಡ್ತಾರೆ."

"ಹಾಗಿದ್ರೆ ಎಲ್ಲಾ ಒಳ್ಳೇದೇ ಅಂತೀರಾ?"

"ಅನ್ನಲ್ಲ. ಕೆಲವರು ದೊಡ್ಡ ಮೊತ್ತ ಕೇಳ್ತಾರೆ. ಹುಡುಗ ಸಾಲ ಮಾಡ್ತಾನೆ. ಆಮೇಲೆ ಜಗಳ ಆದಾಗ, ನಿನ್ನನ್ನ ದುಡ್ಡು ಕೊಟ್ಟು ತಂದಿದ್ದೀನಿ ಅಂತಾನೆ. ಬಿಟ್ಟು ಹೋಗ್ತೀನಿ ಅಂದ್ರೆ, ಕೊಟ್ಟಿದ್ದು ವಾಪಸ್ ಇಡು ಅಂತಾನೆ. ಉಗಾಂಡದ ಸುಪ್ರೀಂ ಕೋರ್ಟು ಹಾಗೆ ವಾಪಸ್ ಕೇಳೋದು ಸಂವಿಧಾನಕ್ಕೆ ವಿರುದ್ಧ ಅಂತ ೨೦೧೫ರಲ್ಲೇ ಹೇಳಿದೆ. ಆದ್ರೂ ಮನೆಯೊಳಗಿನ ಬಾಯಿ ಮುಚ್ಚೋದು ಕಷ್ಟ."

ನಕಾಟೊ ಹರ್ಷನಿಂದ ಮಾತು ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲೇ ಹೇಳಿದಳು. ಅವಳ ಅಕ್ಕ ಹೊಡೆಯುವ ಗಂಡನನ್ನು ಬಿಟ್ಟು ಬಂದಿದ್ದಳು. ಅವನ ಕಡೆಯವರು ಕೊಟ್ಟ ಆರು ಹಸು ಹಿಂದಕ್ಕೆ ಕೇಳಿದರು. ಹಸು ಮಾರಿ ಆಗಿತ್ತು. ಅಕ್ಕ ತಿರುಗಿ ಅದೇ ಮನೆಗೆ ಹೋದಳು.

"ಅಂಕಲ್, ನನಗೆ ನಿಮ್ಮ ಲಕೋಟೆ ಭಯ ಇಲ್ಲ. ಹಣದ ಜೊತೆ ನೀವು ಬರೆದು ಕಳಿಸಿದ ಮಾತಿನ ಭಯ."

ಜಯರಾಮ್ ಕನ್ನಡಕ ತೆಗೆದು ಒರೆಸಿದರು. "ನಮ್ಮಲ್ಲಿ ಇಂಥದ್ದೆಲ್ಲ ಇಲ್ಲಮ್ಮ. ನಮಗೆ ಗೊತ್ತೇ ಇರಲಿಲ್ಲ."

"ಯಾರ್ಲಾ ಇಲ್ಲ ಅಂದೋನು?"

ನಂಜಮ್ಮ ಕೊತ್ತಂಬರಿ ಕಂತೆ ಕೆಳಗಿಟ್ಟಿದ್ದರು.

"ನಮ್ಮವ್ವುಂಗೆ ಹನ್ನೆರಡು ರೂಪಾಯಿ ತೆರ ಕೊಟ್ಟು ತಂದಿದ್ರು. ಮಂಡ್ಯದ ಕಡೆ ಆಗೆಲ್ಲ ಹೆಣ್ಣಿಗೇ ತೆರ ಕಟ್ತಿದ್ದದ್ದು. ಗಂಡಿಗೆ ಕಾರು, ಸೈಟು ಕೊಡೋದು ನೀವು ಓದಿದೋರು ತಂದ ಪದ್ದತಿ. ನಮ್ಮಪ್ಪ ಹೊಡೆದಾಗ ಅವ್ವ ಮೂರು ಸಲ ತೌರಿಗೆ ಹೋದ್ಲು. ಮೂರು ಸಲಾನೂ ನಮ್ ತಾತ, ತೆರದ ದುಡ್ಡು ಎಲ್ಲಿಂದ ತರ್ಲಿ ಮಗಾ ಅಂತ ವಾಪಸ್ ತಂದು ಬಿಟ್ಟ. ಹನ್ನೆರಡು ರೂಪಾಯಿ ಕಣ್ಲಾ. ಆಮ್ಯಾಕೆ ಅವ್ವ ಹೋಗೋದೇ ಬಿಟ್ಲು."

ಹರ್ಷ ಮೆಲ್ಲಗೆ ಇಂಗ್ಲಿಷಿಗೆ ತಿರುಗಿಸಿದ. ಪೂರ್ತಿ ಮುಗಿಯುವ ಮೊದಲೇ ನಕಾಟೊ ಎದ್ದು ಹೋಗಿ ನಂಜಮ್ಮನ ಪಕ್ಕದ ಕುರ್ಚಿಯಲ್ಲಿ ಕೂತಳು. ನಂಜಮ್ಮ ಅರ್ಧ ಕಂತೆ ಕೊತ್ತಂಬರಿ ಅವಳ ಮುಂದೆ ತಳ್ಳಿದರು.

ಜಯರಾಮ್ ಕುರ್ಚಿಯನ್ನು ಗೆಳತಿಯ ಕಡೆ ತಿರುಗಿಸಿ, "ಹಂಸಾ, ಈಗ ಏನು ಮಾಡಬೇಕು?" ಎಂದರು.

"ಮೊದಲು ಕ್ಷಮೆ ಕೇಳಿ, ಫೋನಿನಲ್ಲಲ್ಲ, ಹೇವರ್ಡಿಗೆ ಹೋಗಿ. ಎಷ್ಟು ಅಂತ ನೀವೊಬ್ಬರೇ ತೀರ್ಮಾನ ಮಾಡಬೇಡಿ. ಅವಳಿಗೆ ಒಪ್ಪಿಗೆ ಇದೆಯಾ ಅಂತ ಅವಳನ್ನೇ ಕೇಳಿ. ಕೊಟ್ಟದ್ದು ಯಾವತ್ತೂ ವಾಪಸ್ ಇಲ್ಲ ಅನ್ನೋದನ್ನ ಎಲ್ಲರ ಮುಂದೆ ಹೇಳಿ, ಬರೆದೂ ಕೊಡಿ. ಮದುವೆನ ಇಲ್ಲಿನ ಕೌಂಟಿ ಆಫೀಸಿನಲ್ಲಿ ನೋಂದಾಯಿಸಿ. ಲಕೋಟೆ ಆ ನೋಂದಣಿ ಕಾಗದದ ಜಾಗಕ್ಕೆ ಬರಲ್ಲ."

ಮರುದಿನವೇ ಜಯರಾಮ್ ಮತ್ತು ಪ್ರಭಾ ಹೇವರ್ಡಿಗೆ ಹೋದರು. ರೋಬಿನಾ ಬಾಗಿಲು ತೆರೆದರು, ನಗಲಿಲ್ಲ. ಟೀ ಮಾತ್ರ ಕೊಟ್ಟರು. ಜಯರಾಮ್ ಹೇಳಬೇಕಾದದ್ದನ್ನು ಹೇಳಿದರು. ಎರಡನೆಯ ಲೋಟ ಟೀ ಬಂದಾಗ ಪ್ರಭಾಗೆ ಸ್ವಲ್ಪ ಧೈರ್ಯ ಬಂತು.

ಕಾರ್ಯ ಮೊದಲು ಗೊತ್ತುಮಾಡಿದ ತಾರೀಖಿಗೇ ನಡೆಯಿತು. ಹುಂಜವನ್ನು ಗಿಲ್ರಾಯ್ ಕಡೆಯ ಒಂದು ಫಾರ್ಮಿನಿಂದ ತಂದರು. ಆರಿಸಿದವರು ನಂಜಮ್ಮ. ಮೊದಲು ತೋರಿಸಿದ ಎರಡನ್ನು, "ಕಾಯಿಲೆ ಕೋಳಿ," ಎಂದು ಹಿಂದಕ್ಕೆ ಕಳಿಸಿದ್ದರು. ಫ್ರೀವೇ ಉದ್ದಕ್ಕೂ ಅದು ಕೂಗುತ್ತಲೇ ಬಂತು.

ಲಕೋಟೆ ಕೊಡುವ ಹೊತ್ತಿಗೆ ಜಯರಾಮ್ ಅದನ್ನು ತಾಯಿಯ ಕೈಗಿತ್ತರು. ನಂಜಮ್ಮ ಎರಡೂ ಕೈಯಲ್ಲಿ ಹಿಡಿದು ಹೇಳಿದರು: "ಇದು ನಿಮ್ಮ ಮಗಳ ಬೆಲೆ ಅಲ್ಲ. ನೀವು ಸಾಕಿದ್ದಕ್ಕೆ ನಮ್ಮ ನಮಸ್ಕಾರ. ನಾನು ಬದುಕಿದ್ದಾಗಲೂ ಸತ್ತ ಮೇಲೂ ಇದನ್ನ ಯಾರೂ ವಾಪಸ್ ಕೇಳಕೂಡದು. ಅವಳಿಗೆ ನಮ್ಮನೆ ಸರಿಬರದಿದ್ರೆ ಹೋಗಕ್ಕೆ ಬಾಗಿಲು ತೆಗೆದೇ ಇರ್ತದೆ."

ಹರ್ಷ ಅನುವಾದಿಸಲು ಬಾಯಿ ತೆರೆಯುವ ಮೊದಲೇ ಜಯರಾಮ್ ಎದ್ದು ನಿಂತು ತಾವೇ ಆ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದರು, ಬರೆದು ತಂದ ಕಾಗದಕ್ಕೆ ಸಹಿ ಹಾಕಿದರು. ರೋಬಿನಾ ನಕಾಟೊಳ ಕಡೆ ತಿರುಗಿ, "ತೆಗೆದುಕೊಳ್ಳಲೇ?" ಎಂದು ಕೇಳಿದರು. ಅವಳು ತಲೆಯಾಡಿಸಿದ ಮೇಲೆಯೇ ಲಕೋಟೆ ಕೈ ಬದಲಾಯಿತು. ರೋಬಿನಾ ಅದರಿಂದ ಒಂದು ನೋಟು ಮಾತ್ರ ತೆಗೆದುಕೊಂಡು ಉಳಿದದ್ದನ್ನು ನಂಜಮ್ಮನ ಮಡಿಲಿಗೆ ಇಟ್ಟರು.

ಓದುತ್ತಿರುವ ಅಕ್ಕತಂಗಿಯರೇ, ನಿಮ್ಮ ಮಕ್ಕಳೂ ನಾಳೆ ಬೇರೆ ನಾಡಿನ ಮನೆಗೆ ಸಂಬಂಧ ಬೆಳೆಸಬಹುದು. ಅವರ ಪದ್ಧತಿ ಕಂಡು ಮೂಗು ಮುರಿಯುವ ಮೊದಲು ಕೇಳಿ ತಿಳಿದುಕೊಳ್ಳಿ. ನಮ್ಮ ಮನೆಯಲ್ಲೇ ಏನಿತ್ತು ಎಂದು ಅಜ್ಜಿಯನ್ನೂ ಕೇಳಿ. ಗಂಡಿನ ಕಡೆ ಕೊಡಲಿ, ಹೆಣ್ಣಿನ ಕಡೆ ಕೊಡಲಿ, ಕೊಟ್ಟದ್ದು ಒಬ್ಬ ಹುಡುಗಿಯ ಕಾಲಿಗೆ ಕಟ್ಟಿದ ಹಗ್ಗ ಆಗಕೂಡದು. ಈ ಮಾತನ್ನು ಮದುವೆಗೆ ಮುಂಚೆ, ಎರಡೂ ಮನೆಯವರ ಎದುರು, ಬಾಯಿ ಬಿಟ್ಟು ಹೇಳಿ. ನೀವು ಹೇಳದಿದ್ದರೆ ಅವಳಾಗಿಯೇ ಕೇಳಲಾರಳು.