ಬದಲಿಯವನ ವೇಗ

1940ರ ಅಕ್ಟೋಬರ್ 6, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಫೋನು ಎರಡನೇ ಸಲ ಬಡಿದುಕೊಳ್ಳುವ ಮೊದಲೇ ರಾಸ್ ಕ್ಯಾಲ್ವರ್ಟ್ ಎತ್ತಿಕೊಂಡ.

"ನಿನ್ನೆ ಎಷ್ಟಾಯ್ತು?"

"ನಮಸ್ಕಾರ ಅನ್ನೋ ಪದ್ಧತಿ ನಿಮ್ಮನೇಲಿ ಇಲ್ವಾ?" ಆ ಕಡೆಯಿಂದ ಮ್ಯಾಗ್ ಡೂಲಿ ಅಂದಳು. ಸೆಟ್ಟಿನಲ್ಲಿ ಕ್ಯಾಮೆರಾ ಪಕ್ಕ ಕೂತು, ಕಥೆಯ ಯಾವ ಪುಟ ಎಷ್ಟು ಚಿತ್ರೀಕರಣವಾಯಿತೆಂದು ಬರೆದಿಡುವುದು ಅವಳ ಕೆಲಸ. "ಒಂದೂವರೆ ಪುಟ."

"ಇಡೀ ಶನಿವಾರಕ್ಕೆ ಒಂದೂವರೆ ಪುಟಾನಾ?"

"ಅದರಲ್ಲೂ ಅರ್ಧ ಪುಟ ನಾಯಿದು. ನಾಯಿ ಒಂದೇ ಸಲಕ್ಕೆ ಮಾಡಿ ಮುಗಿಸ್ತು."

"ಇನ್ನೆಷ್ಟು ಬಾಕಿ?"

"ಮೂವತ್ತಮೂರು. ನಾನು ಹೇಳ್ದೆ ಅಂತ ಯಾರ ಹತ್ರಾನೂ ಬಾಯಿಬಿಡ್ಬೇಡಿ ಮಾರಾಯ್ರೆ, ನನ್ನ ಕೆಲಸ ಹೋಗುತ್ತೆ."

ಫೋನಿಟ್ಟು, ರಾಸ್ ಹಾಲಿನ ಚೀಟಿಯ ಹಿಂದೆ ಪೆನ್ಸಿಲಿನಿಂದ ಭಾಗಾಕಾರ ಮಾಡಿದ. ದಿನಕ್ಕೆ ಒಂದೂವರೆಯಂತಾದರೆ ಇಪ್ಪತ್ತೆರಡು ದಿನ. ಮೂರರಂತಾದರೆ ಹನ್ನೊಂದು. ಭಾನುವಾರಗಳನ್ನು ಬಿಟ್ಟು ಎಣಿಸಿದರೆ ಮೊದಲ ಲೆಕ್ಕ ತಿಂಗಳ ಕೊನೆಗೆ ಹೋಗಿ ನಿಲ್ಲುತ್ತಿತ್ತು, ಎರಡನೆಯದು ಹದಿನೆಂಟಕ್ಕೆ. ಅವನಿಗೆ ಬೇಕಾಗಿದ್ದದ್ದು ಹತ್ತೊಂಬತ್ತರೊಳಗೆ.

ಆ ಚಿತ್ರದಲ್ಲಿ ಅವನಿರಲಿಲ್ಲ. ಒಲ್ಲೆ ಎಂದಿದ್ದ. ಏಳು ವರ್ಷದ ಕರಾರಿನಲ್ಲಿ ಹನ್ನೊಂದು ಸಲ ಅವನು ಒಬ್ಬನೇ ಮನುಷ್ಯನನ್ನು ಅಭಿನಯಿಸಿದ್ದ: ಸಾಹುಕಾರನ ಮಗ, ಎಡ ಹುಬ್ಬು ಎತ್ತಿ ನಗುತ್ತಾನೆ, ಬಡವನಂತೆ ನಟಿಸಿ ಹುಡುಗಿಯನ್ನು ಗೆಲ್ಲುತ್ತಾನೆ. ಹನ್ನೆರಡನೆಯದರಲ್ಲಿ ಆ ಮಗ ಕಾರಿನ ಚಾಲಕನ ವೇಷ ಹಾಕುತ್ತಿದ್ದ, ಅಷ್ಟೇ ವ್ಯತ್ಯಾಸ. ಒಲ್ಲೆ ಎಂದವನನ್ನು ಸ್ಟುಡಿಯೋ ಅಮಾನತಿನಲ್ಲಿಡುತ್ತಿತ್ತು. ಅಮಾನತಿನ ದಿನಗಳು ಸೇವೆಗೆ ಜಮೆಯಾಗುತ್ತಿರಲಿಲ್ಲ, ಕರಾರಿನ ಬಾಲಕ್ಕೆ ಅಂಟಿಕೊಳ್ಳುತ್ತಿದ್ದವು. ಎಷ್ಟು ದಿನ ಎಂದರೆ, ಅವನು ಬೇಡವೆಂದ ಪಾತ್ರವನ್ನು ಬದಲಿಯವನು ಮಾಡಿ ಮುಗಿಸುವಷ್ಟು ದಿನ. ಅಲ್ಲಿಯವರೆಗೆ ಅವನು ಎಲ್ಲೂ ನಟಿಸುವಂತಿರಲಿಲ್ಲ. ರೇಡಿಯೋದಲ್ಲಿ ಇಲ್ಲ, ನಾಟಕದಲ್ಲಿ ಇಲ್ಲ, ಇಗರ್ಜಿಯ ಕ್ರಿಸ್‌ಮಸ್ ಪ್ರಹಸನದಲ್ಲೂ ಇಲ್ಲ.

ರಾಸ್ ಆವೇಶದಲ್ಲಿ ಒಲ್ಲೆ ಎಂದವನಲ್ಲ. ಕ್ಯಾಲೆಂಡರ್ ಮುಂದಿಟ್ಟುಕೊಂಡು ಎಣಿಸಿಯೇ ಅಂದಿದ್ದ. ಕರಾರು ಮುಗಿಯುವುದು ಜನವರಿ ಕೊನೆಗೆ. ಚಿತ್ರಕ್ಕೆ ಗೊತ್ತುಮಾಡಿದ್ದು ಐದು ವಾರ. ಎರಡೂ ಸೇರಿದರೆ ಮಾರ್ಚ್ ಎಂಟಕ್ಕೆ ಬಿಡುಗಡೆ. ನ್ಯೂಯಾರ್ಕಿನಲ್ಲಿ ಮಿರಿಯಮ್ ಫೆಲ್ಸ್ ತನ್ನ ನಾಟಕದ ತಾಲೀಮು ಶುರು ಮಾಡುವುದು ಮಾರ್ಚ್ ಇಪ್ಪತ್ತನಾಲ್ಕಕ್ಕೆ. ಚಿತ್ರ ತಡವಾದಷ್ಟೂ ಬಿಡುಗಡೆ ಮುಂದಕ್ಕೆ ಹೋಗುತ್ತಿತ್ತು; ಅಕ್ಟೋಬರ್ ಹತ್ತೊಂಬತ್ತು ದಾಟಿದರೆ ರೈಲು ಹಿಡಿದು ಆ ಹೊತ್ತಿಗೆ ತಲುಪುವಂತಿರಲಿಲ್ಲ. ಅವನದು ಐವತ್ತು ವರ್ಷದ ರೈಲ್ವೆ ಗುಮಾಸ್ತನ ಪಾತ್ರ. "ತಲೆ ಬೋಳಿಸ್ಬೇಕಾಗುತ್ತೆ," ಎಂದಿದ್ದಳು ಆಕೆ, ಅವನು ಓದಿ ತೋರಿಸಿದ ದಿನ. "ಇವತ್ತೇ ಬೋಳಿಸ್ಲಾ?" ಎಂದು ಕೇಳಿದ್ದ. ಆ ಕೂದಲಿನ ಅಂಚನ್ನು ಸ್ಟುಡಿಯೋದವರು ಸೂಜಿಯಿಂದ ಕರೆಂಟು ಹಾಯಿಸಿ ತಿದ್ದಿದ್ದರು. ಹಲ್ಲಿನ ಸಂದು ಮುಚ್ಚಿಸಿದ್ದರು. ಅಯೋವಾಕ್ಕೆ ವಲಸೆ ಬಂದ ಚೆಕ್ ಕಸಾಯಿಯ ಮಗ ಆಂಟನ್ ಹ್ರೂಷ್ಕನಿಗೆ ರಾಸ್ ಕ್ಯಾಲ್ವರ್ಟ್ ಎಂಬ ಹೆಸರಿಟ್ಟವರೂ ಅವರೇ.

ಕೋಟು ಹಾಕಿಕೊಳ್ಳುತ್ತಿದ್ದ ಗಂಡನನ್ನು ನೋಡಿ ವಿಲ್ಮಾ ಅಡಿಗೆಮನೆಯಿಂದ ಹೊರಬಂದಳು.

"ಎಲ್ಲಿಗೆ?"

"ಡ್ವೈಟ್ ಪೆಂಬ್ರೂಕ್ ಮನೆಗೆ. ನನ್ನ ಬದಲಿ ಹಾಕಿದಾರಲ್ಲ, ಆ ಹುಡುಗ. ಅವನಿಗೊಂದಿಷ್ಟು ಹೇಳಿಕೊಡ್ಬೇಕು."

"ನೀನು ಬೇಡ ಅಂತ ಎಸೆದ ಪಾತ್ರಾನ?"

"ಅವನೆಷ್ಟು ನಿಧಾನವೋ ನಾನು ಅಷ್ಟು ದಿನ ಒಳಗೆ, ವಿಲ್ಮಾ. ಆ ಕತ್ತೆ ಬೆನ್ನ ಮೇಲೆ ನನ್ನ ಗಂಟೂ ಇದೆ."

"ಹಾಗಾದ್ರೆ ಕತ್ತೆಗೆ ಮೇವು ತಗೊಂಡು ಹೋಗು," ಎಂದು ಅವಳು ಆಗತಾನೆ ಬೆಂದಿದ್ದ ಪ್ಲಮ್ ಹೂರಣದ ಬನ್ನುಗಳನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟಳು.

ಡ್ವೈಟ್ ಗುಡ್ಡದಾಚೆಯ ಬಯಲಿನಲ್ಲಿ, ಕಿತ್ತಳೆ ತೋಟದ ಪಕ್ಕದ ಬಾಡಿಗೆ ಮನೆಯಲ್ಲಿದ್ದ. ಒಕ್ಲಹೋಮದ ಜೋಳದ ಹೊಲದಿಂದ ಬಂದು, ನಾಲ್ಕು ಕುದುರೆ ಚಿತ್ರಗಳಲ್ಲಿ ಗುಂಡು ತಿಂದು ಸತ್ತಿದ್ದ ಹುಡುಗ. ಮಾತಿರುವ ಪಾತ್ರ ಇದೇ ಮೊದಲು. ರಾಸ್‌ನನ್ನು ಬಾಗಿಲಲ್ಲಿ ಕಂಡು, ಒದ್ದೆ ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟ.

"ಬೈಯಕ್ಕೆ ಬಂದ್ರಾ ಸರ್?"

"ತಿನ್ನಿಸೋಕೆ ಬಂದೆ. ತಗೋ. ಏನು ತೊಂದರೆ ಹೇಳು, ಮುಚ್ಚುಮರೆ ಬೇಡ."

"ಬೆಳಕು ಸರ್. ದೀಪ ಬಿದ್ದೇಟ್ಗೆ ಕಣ್ಣಾಗೆ ನೀರು ಬತ್ತದೆ. ರೆಪ್ಪೆ ಬಡೀಬ್ಯಾಡ ಅಂದ್ರೆ ಅದೇ ಬಡ್ಕತದೆ. ಹನ್ನೆಲ್ಡು ಸಲ ತೆಗೆದ್ರು ಆ ಮೆಟ್ಲು ಸೀನ್‌ನ. ಡೈರೆಕ್ಟ್ರು, 'ಸತ್ತು ಬೀಳೋ ಪಾತ್ರದಾಗೇ ಚೆನ್ನಾಗಿದ್ದೆ ಕಣಪ್ಪ' ಅಂದ್ರು."

ರಾಸ್ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಸೂರ್ಯನಿಗೆ ಮುಖಮಾಡಿ ನಿಲ್ಲಿಸಿದ. "ಕಣ್ಣು ಮುಚ್ಚು. ಮುಚ್ಚಿಕೊಂಡೇ ಸೂರ್ಯನ ಕಡೆ ನೋಡ್ತಾ ಇರು. ರೆಪ್ಪೆ ಮೂಲಕ ಕೆಂಪು ಕಾಣುತ್ತಾ? ನಿನ್ನ ಪಾಪೆ ಈಗ ಕಿರಿದಾಗ್ತಾ ಇದೆ. ಇಪ್ಪತ್ತು ಎಣಿಸು. ಈಗ ತೆಗಿ."

ಡ್ವೈಟ್ ಕಣ್ಣು ತೆರೆದ. ಬಿಸಿಲಿನಲ್ಲಿ ಬಿಟ್ಟ ಕಣ್ಣು ಬಿಟ್ಟಂತೆ ನಿಂತ. "ಅಯ್ಯೋ ಇವ್ನ! ಇಷ್ಟೇಯಾ?"

"ಇಷ್ಟೇ. ನನಗೆ ಕಲಿಯೋಕೆ ಎರಡು ಚಿತ್ರ ಬೇಕಾಯ್ತು. ಎಲ್ಲಿ, ಆ ಮೆಟ್ಟಿಲಿನ ಮಾತು ಹೇಳು."

ಡ್ವೈಟ್ ಹೇಳಿದ. ಎಡ ಹುಬ್ಬು ಎತ್ತಿ, ನಿಧಾನವಾಗಿ ನಕ್ಕು, ಒಂದೊಂದೇ ಪದವನ್ನು ಮಿಠಾಯಿಯಂತೆ ಚೀಪುತ್ತಾ. ರಾಸ್‌ಗೆ ತನ್ನದೇ ಹೆಣವನ್ನು ಕಂಡಂತಾಯಿತು.

"ಅದನ್ನೆಲ್ಲಿ ಕಲಿತೆ?"

"ನಿಮ್ ಚಿತ್ರದಾಗೆ ಸರ್. ಎಲ್ಲಾ ನೋಡಿವ್ನಿ."

"ಮರೆತುಬಿಡು. ಈ ಹುಡುಗ ಸುಳ್ಳು ಹೇಳ್ತಾ ಇದಾನೆ. ಅವಳು ಎಲ್ಲಿ ಕಂಡುಹಿಡೀತಾಳೋ ಅಂತ ಭಯ. ಭಯ ಇರೋನು ನಗ್ತಾ ನಿಲ್ಲಲ್ಲ. ಬೇಗ ಹೇಳಿ ಮುಗಿಸಿ ಅಲ್ಲಿಂದ ಹೋಗೋಕೆ ನೋಡ್ತಾನೆ." ರಾಸ್ ಹೇಳಿದ್ದು ವೇಗಕ್ಕಾಗಿ. ಮಾತು ಬೇಗ ಮುಗಿದರೆ ಪುಟ ಬೇಗ ಮುಗಿಯುತ್ತದೆ. ಆದರೆ ಡ್ವೈಟ್ ಎರಡನೇ ಸಲ ಹೇಳಿದಾಗ, ಒಣಹಾಕಿದ ಬಟ್ಟೆಗಳ ನಡುವೆ ನಿಜಕ್ಕೂ ಒಬ್ಬ ಹೆದರಿದ ಚಾಲಕ ನಿಂತಿದ್ದ. ಹನ್ನೊಂದು ಚಿತ್ರಗಳಲ್ಲಿ ಆ ಸಾಹುಕಾರನ ಮಗನಿಗೆ ಭಯವಿರಬಹುದೆಂದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಸರಿಯಿಲ್ವಾ ಸರ್?"

"ಸರಿಯಾಗಿದೆ," ಎಂದ ರಾಸ್. "ಹಾಗೇ ಮಾಡು."

ಸೋಮವಾರ ಮೂರು ಪುಟವಾಯಿತು. ಮಂಗಳವಾರ ಮೂರೂಕಾಲು. ವಾರದ ಕೊನೆಗೆ ಹತ್ತೊಂಬತ್ತು ಪುಟ ಮುಗಿದು ಹದಿನಾಲ್ಕು ಉಳಿದಿತ್ತು. "ಆ ಹುಡುಗನಿಗೆ ಯಾವ ದೆವ್ವ ಹಿಡೀತೋ!" ಎಂದಳು ಮ್ಯಾಗ್ ಫೋನಿನಲ್ಲಿ. "ನಾಯೀನೇ ಈಗ ಎರಡು ಸಲ ಮಾಡ್ಬೇಕಾಗಿದೆ." ರಾಸ್ ಅಟ್ಟದಿಂದ ಪೆಟ್ಟಿಗೆ ಇಳಿಸಿ ಧೂಳು ಕೊಡವಿದ. ನ್ಯೂಯಾರ್ಕಿನ ಚಳಿಗೆಂದು ವಿಲ್ಮಾ ಉಣ್ಣೆಯ ಟೊಪ್ಪಿ ಹೆಣೆಯಲು ಶುರುಮಾಡಿದಳು. "ಬೋಳು ತಲೆಗೆ ಅಳತೆ ಹೇಗೆ ತಗೊಳ್ಳೋದು?" ಎಂದು ಅವನ ಕೂದಲನ್ನು ಒತ್ತಿ ಹಿಡಿದು ನಕ್ಕಳು.

ಹದಿನಾರನೇ ತಾರೀಖು, ಬುಧವಾರ ಸಂಜೆ, ಡ್ವೈಟ್ ತಾನೇ ಬಂದ. ಮೇಕಪ್ಪು ಪೂರ್ತಿ ತೊಳೆದಿರಲಿಲ್ಲ, ಕಿವಿಯ ಹಿಂದೆ ಬಣ್ಣವಿತ್ತು. ಕೈಯಲ್ಲಿ ಒಂದು ಬಾಟಲಿ.

"ಸರ್, ಗೆದ್ದೆ ಸರ್! ದೊಡ್ಡ ಸಾಹೇಬ್ರು ಈ ವಾರದ್ದೆಲ್ಲಾ ನೋಡಿದ್ರಂತೆ. 'ಇವನು ಹಿಂಗೆ ಮಾಡಂಗಿದ್ರೆ ಮೊದಲಿಂದ್ಯಾಕೆ ಹಂಗೆ ಮಾಡ್ದ?' ಅಂದ್ರಂತೆ."

"ಅಂದ್ರೆ?"

"ಹಳೇದೆಲ್ಲಾ ಬಿಸಾಕಿ ಮತ್ತೆ ತೆಗೀತಾರೆ! ಇನ್ನೂ ಮೂರು ವಾರ. ನನ್ನ ಕರಾರೂ ಮುಂದುವರಿಸ್ತಾರಂತೆ. ಅಪ್ಪಂಗೆ ತಂತಿ ಕೊಟ್ಟೆ. ಎಲ್ಲಾ ನಿಮ್ ಪುಣ್ಯ ಸರ್."

ವಿಲ್ಮಾ ಗಂಡನ ಮುಖ ನೋಡಿದಳು. ಅವನು ಮನಸ್ಸಿನಲ್ಲೇ ಕೂಡುತ್ತಿದ್ದ. ಮೂರು ವಾರ ಸೇರಿಸಿದರೆ ನವೆಂಬರ್ ಏಳು, ಅಲ್ಲಿಗೆ ಬಿಡುಗಡೆ ಏಪ್ರಿಲ್ ಏಳು, ತಾಲೀಮು ಶುರುವಾಗಿ ಎರಡು ವಾರದ ಮೇಲೆ. ಮತ್ತೊಮ್ಮೆ ಕೂಡಿದ. ಉತ್ತರ ಬದಲಾಗಲಿಲ್ಲ.

"ಕೂತ್ಕೋ ಡ್ವೈಟ್," ಎಂದ. "ವಿಲ್ಮಾ, ಮೂರು ಗ್ಲಾಸು ತಾ." ಆ ಹುಡುಗನಿಗೆ ಅವನು ತನ್ನ ಲೆಕ್ಕವನ್ನು ಹೇಳಲಿಲ್ಲ. ಹೇಳಿದ್ದರೂ, ನಾಳೆಯಿಂದ ಕೆಟ್ಟದಾಗಿ ನಟಿಸು ಎಂದು ಯಾವ ಬಾಯಲ್ಲಿ ಹೇಳುವುದು?

ಮಿರಿಯಮ್‌ಗೆ ಅವನು ಉದ್ದದ ತಂತಿ ಕೊಟ್ಟ. ಉತ್ತರ ಚಿಕ್ಕದಾಗಿತ್ತು. ಕಾಯಲಾರೆ, ಪಾತ್ರ ಬೇರೆಯವರಿಗೆ ಕೊಟ್ಟೆ, ಕೂದಲು ಉಳಿಸಿಕೊಳ್ಳಿ. ವಿಲ್ಮಾ ಅದನ್ನು ಎರಡು ಸಲ ಓದಿ, ಅರ್ಧ ಹೆಣೆದ ಟೊಪ್ಪಿಯಿಂದ ಕಡ್ಡಿಗಳನ್ನು ಎಳೆದು ತೆಗೆದಳು.

ಮರುದಿನ ಸ್ಟುಡಿಯೋದ ದೊಡ್ಡ ಸಾಹೇಬ, ಮಿಸ್ಟರ್ ಸ್ಟ್ರಾಮ್, ಖುದ್ದಾಗಿ ಫೋನು ಮಾಡಿದ.

"ರಾಸ್, ಮಗೂ, ಹೇಗಿದೀಯಪ್ಪ? ಹೊಸದಾಗಿ ಬರೆಸ್ತಾ ಇದೀವಿ, ಅದರಲ್ಲಿ ನಾಯಕನಿಗೊಬ್ಬ ಅಣ್ಣ ಇದಾನೆ. ಮೂರು ಒಳ್ಳೇ ಸೀನು. ಸೋಮವಾರ ಬಂದ್ರೆ ಅವತ್ತಿಂದ ಅಮಾನತು ರದ್ದು."

"ಒಲ್ಲೆ ಅಂದ್ರೆ?"

"ಅನ್ನಪ್ಪ, ಯಾರು ಬೇಡ ಅಂತಾರೆ? ಇನ್ನೊಬ್ಬನ್ನ ಹಾಕ್ತೀವಿ. ಅವನು ಮಾಡಿ ಮುಗಿಸೋವರೆಗೂ ನೀನು ಮನೇಲಿ ಆರಾಮಾಗಿರು. ಅವನೂ ಎಷ್ಟು ನಿಧಾನವೋ!" ಸ್ಟ್ರಾಮ್ ನಿಜವಾಗಿಯೂ ಸಂತೋಷದಿಂದ ನಕ್ಕ.

ರಾಸ್ ಫೋನು ಹಿಡಿದುಕೊಂಡೇ ಕಿಟಕಿಯ ಹೊರಗೆ ನೋಡಿದ. ಏಳು ವಾರದಿಂದ ಅವನು ಯಾರ ಮುಂದೆಯೂ ಒಂದು ಮಾತು ಅಭಿನಯಿಸಿರಲಿಲ್ಲ, ಡ್ವೈಟ್‌ನ ಹಿತ್ತಲಲ್ಲಿ ಹೇಳಿಕೊಟ್ಟದ್ದೊಂದನ್ನು ಬಿಟ್ಟರೆ. ಅವನು ನಟಿಸಬಹುದಾದ ಜಾಗ ಇಡೀ ದೇಶದಲ್ಲಿ ಒಂದೇ ಒಂದಿತ್ತು.

"ಎಷ್ಟು ಗಂಟೆಗೆ?" ಎಂದು ಕೇಳಿದ.

ಸೋಮವಾರ ಅವನಿಗೆ ಬೂದು ಬಣ್ಣದ ಸೂಟು ಕೊಟ್ಟರು. ಕಿವಿಯ ಮೇಲಿನ ಕೂದಲಿಗೆ ಸ್ವಲ್ಪ ಬಿಳಿ ಹಚ್ಚಿದರು. ಮ್ಯಾಗ್ ಪುಟದಿಂದ ತಲೆಯೆತ್ತಿ, "ಬಂದ್ರಾ ಅಣ್ಣಾವ್ರು," ಎಂದಳು. ನಗಲಿಲ್ಲ. ಮೆಟ್ಟಿಲ ಕೆಳಗೆ ಡ್ವೈಟ್, ಅವನ ಬೆನ್ನ ಹಿಂದೆ ಬಾಗಿಲ ಬಳಿ ರಾಸ್. ನೆಲದ ಮೇಲೆ ಇಬ್ಬರಿಗೂ ಸೀಮೆಸುಣ್ಣದ ಗುರುತು ಹಾಕಿತ್ತು.

"ನಿಮ್ಮನ್ನ ಹಿಂದಕ್ಕೆ ನಿಲ್ಸವ್ರಲ್ಲ ಸರ್," ಎಂದು ಡ್ವೈಟ್ ಪಿಸುಗುಟ್ಟಿದ. "ನಾನು ಹೇಳ್ಲಾ ಅವ್ರಿಗೆ?"

"ಬೇಡ. ನಿನ್ನ ಮಾತು ನೋಡ್ಕೋ."

ಮುಖ ಮಸುಕಾಗದಂತೆ ದೂರ ಅಳೆಯಲು ಕ್ಯಾಮೆರಾ ಸಹಾಯಕ ಅಳತೆಯ ಟೇಪಿನ ಕೊಂಡಿಯನ್ನು ಮಸೂರದ ಕೆಳಗೆ ಸಿಕ್ಕಿಸಿ, ಎಳೆದುಕೊಂಡು ಬಂದು ಡ್ವೈಟ್‌ನ ಕಣ್ಣಿನ ಪಕ್ಕ ಹಿಡಿದ. "ನಾಲ್ಕು ಅಡಿ," ಎಂದು ಕೂಗಿದ. ಆಮೇಲೆ ಅವನನ್ನು ದಾಟಿ, ಟೇಪನ್ನು ಇನ್ನೂ ಎಳೆಯುತ್ತಾ ಬಾಗಿಲವರೆಗೂ ಬಂದ. ರಾಸ್ ಗುರುತಿನ ಮೇಲೆ ಅಲುಗಾಡದೆ ನಿಂತ. ಟೇಪಿನ ತಣ್ಣನೆಯ ಲೋಹದ ಡಬ್ಬಿ ಅವನ ಕೆನ್ನೆಗೆ ತಾಗಿತು.

"ಒಂಬತ್ತು ಅಡಿ ಎರಡು ಇಂಚು."