ಒಳಗಿನ ಸ್ವೆಟರು

ಗಾಡಿಯೊಳಗಿನ ಹುಲ್ಲನ್ನು ಉದ್ದವ್ವ ಎರಡನೆಯ ಸಲ ಜಾಡಿಸಿದಳು. ಮೊದಲನೆಯ ಸಲ ಏನೂ ಸಿಕ್ಕಿರಲಿಲ್ಲ, ಈಗಲೂ ಸಿಗಲಿಲ್ಲ. ಇದೇ ಹುಲ್ಲಿನ ಮೇಲೆ ಅವಳ ಗಂಡ ಸತ್ತೆಪ್ಪನ ಹೆಣ ಬೆಳಗಾಗುವ ಹೊತ್ತಿಗೆ ಹುಕ್ಕೇರಿಯಿಂದ ಕಲ್ಲೋಳಿಗೆ ಬಂದಿತ್ತು. ಹೆಣಕ್ಕೆ ಸ್ನಾನ ಮಾಡಿಸಿ, ಹಣೆಗೆ ಭಂಡಾರ ಹಚ್ಚಿ, ಅವನೇ ನೇಯ್ದ ಕರಿಕಂಬಳಿ ಹೊದಿಸಿ ಅಂಗಳದಲ್ಲಿ ಬಿದಿರಿನ ಸಿದಿಗಿಯ ಮೇಲೆ ಮಲಗಿಸಿಯೂ ಆಗಿತ್ತು.

"ಬಾಯಿಗಿ ನೀರ ಬಿಡ ಬಾರವಾ. ಹೊತ್ತ ಏರಾಕತ್ತೈತಿ," ಎಂದಳು ಸತ್ತೆಪ್ಪನ ಅಕ್ಕ ಸಾವಿತ್ರವ್ವ. ತಂಬಿಗೆ ಹಿಡಿದು ಹಿಡಿದು ಅವಳ ಕೈ ಸೋತಿತ್ತು.

"ನನ್ನ ಸ್ವೆಟರ್ ಎಲ್ಲೈತಿ, ಅದನ್ನ ಮೊದಲ ಹೇಳ್ರಿ."

"ಗಂಡನ ಹೆಣ ಅಂಗಳದಾಗ ಐತಿ, ಸ್ವೆಟರ್ ಚಿಂತಿ ಹತ್ತೇತೇನ ನಿನಗ?"

"ಮೊನ್ನೆ ನನ್ನ ಕೈಯಾಗಿಂದ ಇಸಗೊಂಡು ಜೋಳಗ್ಯಾಗ ಹಾಕ್ಕೊಂಡು ಹೋದ್ರು. ಜೋಳಗಿ ಎಲ್ಲಿ? ಏನೋ ಅಣ್ಣಪ್ಪ?"

ಗಾಡಿಯ ಅಣ್ಣಪ್ಪ ಎತ್ತಿನ ಹಗ್ಗ ಬಿಚ್ಚುತ್ತಿದ್ದವನು ತಲೆ ಎತ್ತಲಿಲ್ಲ. "ನನಗ ಹೆಣ ಅಷ್ಟೇ ಕೊಟ್ರಿ, ವೈನಿ. ಖಾನಾವಳಿ ಕಟ್ಟಿ ಮ್ಯಾಲ ಹೊಲ್ಕೋತ ಕುಂತಲ್ಲೇ ಜೀವ ಹೋಗಿತ್ತಂತ."

"ಯಾರ ಖಾನಾವಳಿ?"

"ಸುಂದ್ರವ್ವ ಅಂತ್ರಿ. ಗಂಡ ಇಲ್ಲ ಆಕಿಗಿ."

ಉದ್ದವ್ವ ಹುಲ್ಲನ್ನು ಕೈಬಿಟ್ಟಳು. ಏಳು ವರ್ಷದಿಂದ ಹುಡುಕುತ್ತಿದ್ದ ಹೆಸರು ಕೊನೆಗೂ ಸಿಕ್ಕಿತ್ತು, ಅದೂ ಇಂಥ ದಿನ.

ಮನೆತನದ ಹಿರಿಯ ಶಿದ್ರಾಮ ಕಾಕಾ ಕಟ್ಟೆಯಿಂದಲೇ ಗದರಿದ. "ಹೆಂಡ್ತಿ ನೀರ ಬಿಡದ ಮಣ್ಣ ಕೊಡೂದು ಹ್ಯಾಂಗ? ಏನ್ ಹಟಾ ಇದು?"

"ನನಗೊಂದು ಮಾತು ತಿಳೀಬೇಕ್ರಿ ಕಾಕಾ. ಅಲ್ಲಿತನಾ ನೀರ ಬಿಡಾಂಗಿಲ್ಲ. ಅವ್ರು ಮಣ್ಣಾಗ ಹೋದ ಮ್ಯಾಲ ಯಾರನ್ನ ಕೇಳ್ಲಿ?"

* * *

ಎರಡನೆಯ ಜರ್ಮನ್ ಲಡಾಯಿ ಸುರುವಾಗುವುದಕ್ಕೆ ಹಿಂದಿನ ಚಳಿಗಾಲದಲ್ಲಿ ಧುಪದಾಳದ ಒಡ್ಡಿನ ಬಂಗಲೆಯ ಮೇಮ್‌ಸಾಹೇಬರು ತಮ್ಮ ದೇಶಕ್ಕೆ ಹೊರಟು ನಿಂತರು. ಅವರಿಗೆ ನಾಲ್ಕು ಕಂಬಳಿ ನೇಯ್ದು ಕೊಟ್ಟಿದ್ದ ಸತ್ತೆಪ್ಪನ ಕೈಯಲ್ಲಿ, ಹೆಂಡತಿಗೆ ಕೊಡು ಎಂದು ಒಂದು ಕಾಗದದ ಗಂಟು ಇಟ್ಟರು. ಸತ್ತೆಪ್ಪ ಮನೆಗೆ ತಂದು ಕೊಟ್ಟದ್ದು ಒಂದು ಸ್ವೆಟರು. ಅಗಸೆ ಹೂವಿನ ನೀಲಿ, ಮುಂದೆ ಸಾಲಾಗಿ ಚಿಪ್ಪಿನ ಗುಂಡಿ. ಕಲ್ಲೋಳಿಯಲ್ಲಿ ಗೌಡರ ಮನೆಯ ಹೆಂಗಸರೂ ಅಂಥದ್ದನ್ನು ತೊಟ್ಟಿರಲಿಲ್ಲ. ಉದ್ದವ್ವ ಅದನ್ನು ತೊಟ್ಟು ದಿನಕ್ಕೆ ನಾಲ್ಕು ಸಲ ಬಾವಿಗೆ ಹೋದಳು. ಮನೆಯಲ್ಲಿ ನೀರು ಚೆಲ್ಲುವಷ್ಟಿತ್ತು.

ಮರುವರ್ಷ ಜ್ವರ ಬಂದು ಘಟಪ್ರಭೆಯ ದವಾಖಾನೆಗೆ ಹೋದಾಗ ಅಲ್ಲಿನ ನರ್ಸಬಾಯಿ ಸ್ವೆಟರನ್ನು ಮುಟ್ಟಿ ನೋಡಿದಳು.

"ಛಲೋ ಐತಿ. ಒಳಗಿಂದು ಎಲ್ಲಿ ಬಾಯಿ?"

"ಒಳಗಿಂದು ಯಾವುದ್ರಿ?"

"ಇದು ಜೋಡಿ ಇರ್ತೈತಿ. ಒಳಗ ಒಂದು, ಅದಕ್ಕ ಗುಂಡಿ ಇರಾಂಗಿಲ್ಲ. ಅದರ ಮ್ಯಾಲ ಇದು. ಎರಡೂ ಒಂದೇ ನೂಲಿಂದು. ಬರೇ ಒಂದು ಯಾರೂ ಕೊಡಾಂಗಿಲ್ಲ."

ಉದ್ದವ್ವನ ಜ್ವರ ಅಲ್ಲೇ ಇಳಿಯಿತು. ಮನೆಗೆ ಬಂದವಳೇ ಮಗ್ಗದ ಮುಂದೆ ನಿಂತು ಕೇಳಿದಳು. ಸತ್ತೆಪ್ಪ ಮಗ್ಗದ ಕುಣಿಯೊಳಗಿನಿಂದ ಮುಖ ಎತ್ತದೆ, "ಒಂದೇ ಇತ್ತು," ಎಂದು ಮೂಗು ತುರಿಸಿಕೊಂಡ. ವರ್ಷಕ್ಕೊಂದು ಸುಳ್ಳು ಹೇಳುವ ಗಂಡಸು ಅವನು, ಹೇಳಿದಾಗಲೆಲ್ಲ ಮೂಗು ತುರಿಸುತ್ತಿತ್ತು.

ಅವತ್ತಿನಿಂದ ಉದ್ದವ್ವನ ಕಣ್ಣಿಗೆ ಬಿಡುವಿಲ್ಲದಾಯಿತು. ಮದುವೆಗೆ ಹೋದರೆ ಮದುಮಗಳನ್ನು ಬಿಟ್ಟು ಉಳಿದವರ ಸೆರಗಿನ ಮರೆಯಲ್ಲಿ ನೀಲಿ ಹುಡುಕಿದಳು. ಎರಡು ವರ್ಷ ಪಕ್ಕದ ಮನೆಯ ಕೆಂಪವ್ವನ ಮೇಲೆ ಕಣ್ಣಿತ್ತು. ಎಳ್ಳಮವಾಸಿಯ ಚಳಿಯಲ್ಲಿ ಕೆಂಪವ್ವ ಹಲ್ಲು ಕಟಕಟಿಸುವುದನ್ನು ಕಂಡ ಮೇಲೆ, ಪಾಪ, ಇವಳಲ್ಲ ಎಂದು ಬಿಟ್ಟಳು.

ಸತ್ತೆಪ್ಪ ಮಾತ್ರ ಇದ್ದ ಹಾಗೇ ಇದ್ದ. ನೇಯ್ದ ಒಂದೊಂದು ಕಂಬಳಿಯ ಉಣ್ಣೆಯಲ್ಲೂ ಒಂದು ಉಂಡೆ ನೂಲು ಉಳಿಸಿ ಜಂತಿಗೆ ಕಟ್ಟುತ್ತಿದ್ದ. ಮುಂದೆ ಕಂಬಳಿ ಹರಿದರೆ ಹೊಲಿಯಲು ಅದೇ ಬಣ್ಣದ ನೂಲು ಬೇಕಲ್ಲ. ವಾರಕ್ಕೊಮ್ಮೆ ಹುಕ್ಕೇರಿಯ ಸಂತೆಗೆ ಹೋಗಿ ಹರಿದ ಕಂಬಳಿ ಹೊಲಿಯುತ್ತ ಕೂಡುತ್ತಿದ್ದ. ಬರುವಾಗ ಹೆಂಡತಿಗೆ ಬೆಂಡು-ಬತ್ತಾಸು ತರುತ್ತಿದ್ದ. ತಪ್ಪು ಮಾಡಿದವರೇ ಸಿಹಿ ತರುವುದು ಎಂದುಕೊಂಡು ಉದ್ದವ್ವ ಅದನ್ನು ತಿನ್ನುತ್ತಿದ್ದಳು.

ಚಳಿ ಬೀಳುವ ಮುಂಚೆ ಪ್ರತಿ ವರ್ಷ ಅವಳ ಸ್ವೆಟರನ್ನೂ ಒಯ್ಯುತ್ತಿದ್ದ. ಮೊಣಕೈ ಹರಿದದ್ದು ಎಲ್ಲಿ ಎಂದು ಹುಡುಕಿದರೂ ಸಿಗದ ಹಾಗೆ ಹೊಲಿದು ಬರುತ್ತಿತ್ತು. ಉದ್ದವ್ವನಿಗೆ ಅದೇ ದೊಡ್ಡ ಸಾಕ್ಷಿಯಾಯಿತು. ದಬ್ಬಣದಲ್ಲಿ ಕಂಬಳಿ ಹೊಲಿಯುವ ಗಂಡಸಿಗೆ ಇಂಥ ನಾಜೂಕು ಎಲ್ಲಿಂದ ಬಂತು? ಹುಕ್ಕೇರಿಯಲ್ಲಿ ಒಂದು ಹೆಣ್ಣಿನ ಕೈ ಇದೆ. ಆ ಕೈಯವಳ ಮೈಮೇಲೆ ಒಳಗಿನ ಸ್ವೆಟರು ಇದೆ.

* * *

ಹೊತ್ತು ಮಾರುದ್ದ ಏರಿದಾಗ ಸುಂದ್ರವ್ವ ಬಂದಳು. ನಲವತ್ತರ ಹೆಂಗಸು, ಮೋಟಾರಿನ ಧೂಳು ಮುಖದ ಮೇಲೆ. ಸೆರಗನ್ನು ಎದೆಗೆ ಬಿಗಿಯಾಗಿ ಅವುಚಿಕೊಂಡಿದ್ದಳು. ಸಿದಿಗಿಗೆ ಬಗ್ಗಿ ನಮಸ್ಕಾರ ಮಾಡುವಾಗ ಸೆರಗಿನ ಅಂಚು ಸರಿದು ಅಗಸೆ ಹೂವಿನ ನೀಲಿ ಕಂಡಿತು.

ಉದ್ದವ್ವ ಎದ್ದು ನಿಂತಳು. "ಸೆರಗ ತಗೀ."

"ಉದ್ದವ್ವಾ!" ಎಂದಳು ಸಾವಿತ್ರವ್ವ.

"ತಗೀ ಅಂದೆ. ಮಂದಿ ಎಲ್ಲಾ ನೋಡ್ಲಿ."

ಸುಂದ್ರವ್ವ ಸೆರಗು ತೆಗೆದಳು. ಒಳಗೆ ಸತ್ತೆಪ್ಪನ ಜೋಳಿಗೆ ಇತ್ತು, ಅದರ ಬಾಯಿಂದ ನೀಲಿ ತೋಳೊಂದು ಜೋತುಬಿದ್ದಿತ್ತು. "ಇದನ್ನ ಕೊಡಾಕಂತೇ ಬಂದೇನ್ರೀ ಅಕ್ಕಾರ. ಗಾಡ್ಯಾಗ ಇಟ್ರ ಎಳಿ ಹರದೀತು ಅಂತ ನಾನೇ ಹಿಡಕೊಂಡು ಬಂದ್ನಿ."

ಉದ್ದವ್ವ ಕಸಿದುಕೊಂಡಳು. ಅವಳದೇ ಸ್ವೆಟರು. ಮೊಣಕೈ ಅರ್ಧ ಹೊಲಿದಿತ್ತು, ಸೂಜಿ ಅಲ್ಲೇ ಚುಚ್ಚಿಕೊಂಡಿತ್ತು. ಹೊಲಿಗೆಯಿಂದ ಹೊರಟ ನೀಲಿ ಎಳೆಯನ್ನು ಬೆರಳಲ್ಲಿ ಹಿಡಿದು ಸಾಗಿದರೆ ಅದು ಜೋಳಿಗೆಯೊಳಗೆ ಹೋಯಿತು. ಒಳಗೆ ಅದೇ ಬಣ್ಣದ ಇನ್ನೊಂದು ಅರಿವೆ. ತೋಳಿಲ್ಲ, ಕೊರಳಿಲ್ಲ, ಹೊಟ್ಟೆಯ ಭಾಗ ಮೊಳದಷ್ಟು ಉಳಿದಿತ್ತು. ಎಳೆ ಅದರ ಅಂಚಿನಿಂದಲೇ ಬಿಚ್ಚಿ ಬಂದಿತ್ತು, ಇನ್ನೂ ಕಡಿದಿರಲಿಲ್ಲ.

"ಇದನ್ನ ಯಾರ ತೊಟ್ಟಿದ್ರು?" ಉದ್ದವ್ವನ ದನಿ ಇಳಿದಿತ್ತು.

"ಯಾರ್ ತೊಡ್ತಾರ್ರೀ ಅದನ್ನ? ಗಂಟಿನ್ಯಾಗ ಒಂದೇ ಬಣ್ಣದ್ದು ಎರಡು ಕಂಡು, ಸಾಹೇಬರ ಮಂದೀನೂ ನಮ್ಮಂಗ ಹೊಲ್ಯಾಕ ನೂಲ ಉಳಸ್ತಾರ, ಗುಂಡಿ ಇಲ್ಲದ್ದು ಅದಕ್ಕಂತನ ಕೊಟ್ಟಾರ ಅಂತ ನಿಮ್ಮ ಯಜಮಾನ್ರು ತಿಳದಿದ್ರಂತ. ನೀವು ದವಾಖಾನಿಯಿಂದ ಬಂದು ಕೇಳೂದ್ರಾಗ ಒಂದು ತೋಳ ಬಿಚ್ಚಿ ಆಗಿತ್ತು. 'ಅಂಥಾ ಚಂದನ ಅರಿವಿ ಹಾಳ ಮಾಡೀನಿ, ಹೆಂಗ ಹೇಳ್ಲಿ ಸುಂದ್ರವ್ವಾ, ಊರೆಲ್ಲಾ ಹೇಳಿ ನಗತಾಳ' ಅಂತಿದ್ರು. ವರ್ಷಾ ವರ್ಷಾ ನಮ್ಮ ಕಟ್ಟಿ ಮ್ಯಾಲ ಸಣ್ಣ ಸೂಜಿ ಹಿಡದು ದಿನಗಟ್ಲೆ ಕುಂಡ್ರತಿದ್ರು."

ಉದ್ದವ್ವ ಆ ಮೊಳದಷ್ಟು ಅರಿವೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಬೆಳಕಿಗೆ ಹಿಡಿದಳು, ಮೂಸಿದಳು. ಕುರಿಯುಣ್ಣೆ ಮತ್ತು ತಂಬಾಕಿನ ವಾಸನೆ. ಇನ್ನೇನೂ ಇರಲಿಲ್ಲ.

"ನಗತಿದ್ದೆ," ಎಂದಳು. "ಖರೆ ಐತಿ, ನಗತಿದ್ದೆ." ಆಮೇಲೆ ಅಳು ಬಂತು. ಬೆಳಗಿನಿಂದ ಬರದಿದ್ದದ್ದೆಲ್ಲ ಒಮ್ಮೆಗೇ ಬಂತು.

* * *

ಅವಳು ಸ್ವೆಟರನ್ನು ತೊಟ್ಟು, ತಂಬಿಗೆ ತೆಗೆದುಕೊಂಡು, ಗಂಡನ ಬಾಯಿಗೆ ನೀರು ಬಿಟ್ಟಳು. ಉಳಿದ ಅರಿವೆಯನ್ನು ಕಂಬಳಿ ಸರಿಸಿ ಅವನ ಎದೆಯ ಮೇಲೆ ಇಟ್ಟಳು. ಸಾವಿತ್ರವ್ವ ಎಳೆಯನ್ನು ಹಲ್ಲಿನಿಂದ ಕಡಿಯಲು ಬಗ್ಗಿದಳು.

"ಕಡೀಬ್ಯಾಡ್ರಿ, ಅಕ್ಕಾ," ಎಂದಳು ಉದ್ದವ್ವ.

ಶಿದ್ರಾಮ ಕಾಕಾ ಕಟ್ಟೆಯಿಂದ ಇಳಿದು ಕೈಸನ್ನೆ ಮಾಡಿದ. ನಾಲ್ವರು ಸಿದಿಗಿ ಎತ್ತಿದರು. ಹೆಂಗಸರು ಮಣ್ಣಿಗೆ ಹೋಗುವುದಿಲ್ಲ, ಉದ್ದವ್ವ ಹೊಸ್ತಿಲಲ್ಲೇ ಉಳಿದಳು. ಸಿದಿಗಿ ಅಂಗಳ ದಾಟಿ ಓಣಿಗೆ ಇಳಿಯಿತು. ಸತ್ತೆಪ್ಪನ ಎದೆಯ ಮೇಲಿನ ನೀಲಿ ಒಂದೊಂದೇ ಸಾಲು ಬಿಚ್ಚುತ್ತ ಹೋಯಿತು. ಹಿಂದೆ ನಡೆಯುವವರು ಎಳೆಯನ್ನು ತುಳಿಯದೆ ಬಾಜೂಕ್ಕೆ ಸರಿದು ನಡೆದರು. ಹೊಲಿಗೆ ಬಿಚ್ಚದಂತೆ ಉದ್ದವ್ವ ಸೂಜಿಯನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದು, ಎಳೆ ಸರಾಗವಾಗಿ ಹೋಗಲೆಂದು ಮೊಣಕೈಯನ್ನು ಓಣಿಯ ಕಡೆ ಚಾಚಿ ನಿಂತಳು.