ಮುತ್ತಿನ ಸುತ್ತಿನೊಳಗಿನ ಕಣ್ಣು

ಆ ವರ್ಷ ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ಹೆಂಗಸರ ಎದೆಯ ಮೇಲೆಲ್ಲ ಕಣ್ಣುಗಳು ಅರಳಿದ್ದವು. ಉಗುರಿನಗಲದ ದಂತದ ಚೂರಿನ ಮೇಲೆ ಬರೆದ ಒಂಟಿ ಕಣ್ಣು, ಸುತ್ತ ಮುತ್ತಿನ ಸಾಲು, ಹಿಂದೊಂದು ಪಿನ್ನು. ಮೂಗಿಲ್ಲ, ಬಾಯಿಲ್ಲ, ಹೆಸರಿಲ್ಲ. ನಲ್ಲನನ್ನು ಊರೆದುರೇ ಧರಿಸಿಕೊಂಡು ಮೆರೆಯಬಹುದು. ಯಾರಿವನು ಎಂದು ತಲೆ ಕೆಡಿಸಿಕೊಳ್ಳುವ ಕೆಲಸ ಊರಿನದು.

ಫೀಬಿ ಧರಿಸಿದ್ದ ಕಣ್ಣನ್ನು ಯಾವ ಚಿತ್ರಗಾರನೂ ಬರೆದಿರಲಿಲ್ಲ. ಅವಳೇ ಬರೆದದ್ದು, ಅದೂ ಕಣ್ಣಿನ ಒಡೆಯನಿಗೇ ತಿಳಿಯದಂತೆ. ಅವಳಿಗೆ ಪಿಯಾನೊ ಕಲಿಸಲು ಬರುತ್ತಿದ್ದ ಕ್ರಿಸ್ಪಿನ್ ಮೇಷ್ಟ್ರು ಒಂದು ಮಂಜಿನ ದಿನ ಮಸುಕಾದ ಕನ್ನಡಕವನ್ನು ತೆಗೆದು ಒರೆಸಿಕೊಂಡಿದ್ದರು. ಅಷ್ಟೇ. ದಪ್ಪ ಗಾಜಿನ ಹಿಂದೆ ಹುರುಳಿಕಾಳಿನಷ್ಟು ಕಾಣುತ್ತಿದ್ದ ಕಣ್ಣು, ಸೆರೆಯಲ್ಲಿದ್ದ ರಾಜಕುಮಾರ ಕೋಟೆಯ ಬಾಗಿಲು ತೆರೆದು ಬಂದಂತೆ ಹೊರಬಂದಿತ್ತು. ಅಗಲವಾಗಿ, ಬೂದುಬಣ್ಣದಲ್ಲಿ, ಅಂಚಿಗೆ ಎಳ್ಳಿನಷ್ಟು ಜೇನುಬಣ್ಣ ತಾಗಿಸಿಕೊಂಡು. ಮೇಷ್ಟ್ರು ಕನ್ನಡಕ ಹಾಕಿಕೊಂಡು ತಾಳ ಮುಂದುವರಿಸಿದರು. ಫೀಬಿಯ ತಾಳ ಅಂದು ತಪ್ಪಿದ್ದು ಮತ್ತೆ ಸರಿಹೋಗಲಿಲ್ಲ.

ಅವಳನ್ನು ಸಾಕಿದ ಹೆಪ್ಸಿ ಅತ್ತೆ ಒಂದು ವಾರ ಆ ಕಣ್ಣನ್ನು ದುರುಗುಟ್ಟಿ ನೋಡಿದರು. ಅದೂ ತಿರುಗಿ ನೋಡಿತು. ಕಡೆಗೆ ಅತ್ತೆ ಸೋತರು.

"ಯಾರದ್ದೇ ಇದು?"

"ಸುಮ್ನೆ, ಫ್ಯಾಷನ್ನು ಅತ್ತೆ."

"ಫ್ಯಾಷನ್ನು ನನ್ನನ್ನ ಹೀಗೆ ನೋಡಲ್ಲ ಕಣೆ. ಗುರುವಾರ ಚಹಾಕ್ಕೆ ಮನೆಗೆ ಬರೋ ಗಂಡಸರನ್ನೆಲ್ಲ ಕರೀತೀನಿ. ಕಣ್ಣು ಯಾರದ್ದೋ ಅವನು ನನ್ನಿಂದ ಕದ್ದುಮುಚ್ಚಿ ಆಟ ಆಡಿದ್ದಾನೆ. ಅವನು ಇನ್ನು ಈ ಹೊಸಿಲು ದಾಟಕೂಡದು."

ಗುರುವಾರ ಬಂತು. ಮೇಷ್ಟ್ರು ಬರುವುದು ನಿಂತರೆ ಫೀಬಿಗೆ ವಾರವಿಡೀ ಕಾಯಲು ಏನೂ ಉಳಿಯುತ್ತಿರಲಿಲ್ಲ. ಅತ್ತೆ ಬನ್ನಿನ ತಟ್ಟೆಯ ಹಿಂದೆಯೇ ಆ ಕಣ್ಣನ್ನೂ ಸಾಸರಿನಲ್ಲಿಟ್ಟು ಎಲ್ಲರ ಮುಂದೆ ಸುತ್ತಿಸಿದರು.

ಕ್ಯಾಪ್ಟನ್ ಬ್ರೂಮ್ ಅದನ್ನು ನೋಡಿದವನೇ ಮೀಸೆ ತಿರುವಿದ. "ಸಿಕ್ಕಿಬಿದ್ದೆ! ಮಿಸ್ ಫೀಬಿ, ನನಗೊಂದು ಮಾತು ಹೇಳ್ದೆ ನನ್ನ ಕಣ್ಣು ಬರೆಸ್ಬಿಟ್ರಾ?"

"ನಿಮ್ಮ ಕಣ್ಣು ನೀಲಿ ಅಲ್ವೇನ್ರೀ?" ಎಂದರು ಅತ್ತೆ.

"ಪ್ರೀತಿ ಬಂದಾಗ ಬೂದುಬಣ್ಣಕ್ಕೆ ತಿರುಗುತ್ತೆ ಮೇಡಂ."

ಎಪ್ಪತ್ತೊಂದರ ಸರ್ ಹಂಫ್ರಿ ಸಾಸರನ್ನು ಕಿತ್ತುಕೊಂಡರು. "ಇಪ್ಪತ್ತರಲ್ಲಿ ನನ್ನ ಕಣ್ಣು ಥೇಟ್ ಹೀಗೇ ಇತ್ತು. ಸುಕ್ಕು ದಾಟಿ ನೋಡಿದ್ದಾಳೆ ಹುಡುಗಿ. ಭೇಷ್!"

"ಒಂದು ಕಣ್ಣಿಗೆ ಇಬ್ಬರು ಯಜಮಾನರು," ಎಂದು ಅತ್ತೆ ಹಣೆ ಒತ್ತಿಕೊಂಡರು. "ಮೇಷ್ಟ್ರೇ, ನೀವೂ ನೋಡ್ಬಿಡಿ."

ಕ್ರಿಸ್ಪಿನ್ ಅದನ್ನು ಗಾಜಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. ನೋಡನೋಡುತ್ತ ಅವರ ಮುಖ ಬಾಡಿತು.

"ನನ್ನದಲ್ಲ ಮೇಡಂ. ನನಗೆಲ್ಲಿಂದ ಬರ್ಬೇಕು ಇಂಥ ಕಣ್ಣು?"

"ಅಬ್ಬಾ! ಬುದ್ಧಿ ನೆಟ್ಟಗಿರೋ ಗಂಡಸು ಇವರೊಬ್ಬರೇ. ಮೇಷ್ಟ್ರಿಗೆ ಇನ್ನೊಂದು ಬನ್ನು ಕೊಡೇ ಫೀಬಿ," ಎಂದ ಅತ್ತೆ, ಉಳಿದಿಬ್ಬರನ್ನು ಅವರ ಟೋಪಿಗಳ ಸಮೇತ ಬಾಗಿಲಿಗೆ ನಡೆಸಿಕೊಂಡು ಹೋದರು.

ಮೇಷ್ಟ್ರು ಬನ್ನು ಮುಟ್ಟಲಿಲ್ಲ. "ನಾಳೆಯಿಂದ ಬೇರೆಯವರನ್ನ ನೋಡ್ಕೊಳ್ಳಿ ಮಿಸ್ ಫೀಬಿ. ಆ ಕಣ್ಣಿನೋನು ಯಾರೋ, ಪುಣ್ಯ ಮಾಡಿದ್ದಾನೆ. ನಿಮ್ಮ ಎದೆ ಮೇಲೆ ಅವನು, ಪಕ್ಕದಲ್ಲಿ ತಾಳ ಹಾಕ್ತಾ ನಾನು. ನನ್ನ ಕೈಲಾಗಲ್ಲ."

ತನ್ನ ಕಣ್ಣಿನ ಮೇಲೇ ಹೊಟ್ಟೆಕಿಚ್ಚುಪಡುವ ಗಂಡಸನ್ನು ಫೀಬಿ ಯಾವ ಕತೆಯಲ್ಲೂ ಕೇಳಿರಲಿಲ್ಲ. ನಗು ಬಂತು. ಅಳುವೂ ಬಂತು.

"ಅದು ನಿಮ್ಮದೇ ಕಣ್ರೀ!"

"ತಮಾಷೆ ಮಾಡ್ಬೇಡಿ. ನನ್ನ ಕಣ್ಣು ನನಗೆ ಗೊತ್ತಿಲ್ವಾ?"

ಅವಳು ಅವರನ್ನು ಕನ್ನಡಿಯ ಮುಂದೆ ನಿಲ್ಲಿಸಿದಳು. ಕನ್ನಡಕ ಹಾಕಿಕೊಂಡರೆ ಅದೇ ಹುರುಳಿಕಾಳು. ತೆಗೆದರೆ ಕನ್ನಡಿಯ ತುಂಬ ಬರೀ ಮಂಜು. ಬುದ್ಧಿ ಬಂದಾಗಿನಿಂದ ಆ ಮನುಷ್ಯ ತನ್ನ ಬರಿಗಣ್ಣನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

"ಏನೂ ಕಾಣಿಸ್ತಿಲ್ವಲ್ಲ."

"ಹಾಗಾದ್ರೆ ನನ್ನ ಮಾತು ನಂಬಿ. ಇರಿ, ಬೆಳಕು ಬಿಡ್ತೀನಿ," ಎಂದು ಫೀಬಿ ಕಿಟಕಿಯ ಪರದೆ ಸರಿಸಲು ಓಡಿದಳು.

ಅತ್ತೆ ಒಳಗೆ ಬಂದದ್ದು ಆಗಲೇ. ಕನ್ನಡಕವಿಲ್ಲದ ಕ್ರಿಸ್ಪಿನ್‌ಗೆ ಕಂಡದ್ದು ಬಾಗಿಲ ಬಳಿ ತೇಲುತ್ತಿದ್ದ ಒಂದು ನೀಲಿ ಲಂಗ; ಅಂದು ಫೀಬಿ ಉಟ್ಟದ್ದೂ ನೀಲಿಯೇ. ಅವರು ತಟ್ಟನೆ ಮಂಡಿಯೂರಿ, ಕನ್ನಡಕ ಕೈಜಾರಿದ್ದೂ ತಿಳಿಯದೆ ತಲೆಯೆತ್ತಿದರು.

"ನಂಬಿದೆ. ಇನ್ನು ಮುಚ್ಚಿಡಲ್ಲ. ನಿಮ್ಮ ಬೆರಳು ಪಿಯಾನೊದಲ್ಲಿ ತಪ್ಪು ಮನೆ ಒತ್ತಿದಾಗಲೂ ನನಗದು ಸರಿಯಾಗೇ ಕೇಳ್ಸುತ್ತೆ. ಈ ಜನ್ಮಕ್ಕೆ ನೀವೊಬ್ಬರೇ ಸಾಕು ನನಗೆ."

ಕಿಟಕಿಯ ಬಳಿ ಫೀಬಿ ಕಲ್ಲಾಗಿದ್ದಳು. ಅತ್ತೆ ತಮ್ಮತ್ತ ಎತ್ತಿದ್ದ ಮೇಷ್ಟ್ರ ಬರಿಗಣ್ಣನ್ನು ನೋಡಿದರು. ಸಾಸರನ್ನು ನೋಡಿದರು. ಮತ್ತೆ ಆ ಕಣ್ಣನ್ನು, ಈ ಸಲ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು.

"ಏಳಪ್ಪಾ," ಎಂದರು. "ನನಗೀಗ ಐವತ್ತೆಂಟು."

ಮೇಷ್ಟ್ರು ಗಾಬರಿಯಿಂದ ಕನ್ನಡಕಕ್ಕಾಗಿ ನೆಲ ತಡಕಾಡಿದರು.

"ಅತ್ತೆ, ಅವರಿಗೇನೂ ಗೊತ್ತಿರ್ಲಿಲ್ಲ. ಅಟ್ಟಬೇಡಿ," ಎಂದಳು ಫೀಬಿ.

"ಕದ್ದುಮುಚ್ಚಿ ಆಟ ಆಡಿದೋನಿಗೆ ಹೊಸಿಲು ಇಲ್ಲ ಅಂದಿದ್ದೆ. ತನ್ನ ಕಣ್ಣನ್ನೇ ಕಾಣದೋನು ಇನ್ನೇನು ಆಟ ಆಡ್ತಾನೆ?" ಅತ್ತೆಯೇ ಬಗ್ಗಿ ಕನ್ನಡಕ ಹುಡುಕಿ, ಅವರ ಮೂಗಿಗೇರಿಸಿದರು. "ಹೂಂ, ಮೇಷ್ಟ್ರೇ. ಫೀಬಿ ಅಲ್ಲಿ, ಕಿಟಕಿ ಹತ್ತಿರ. ಮೊದಲಿಂದ ಹೇಳಿ."

"ನಿಮ್ಮೆದುರಿಗಾ ಮೇಡಂ?"

"ಮತ್ತೆ?" ಅತ್ತೆ ಕುರ್ಚಿ ಎಳೆದುಕೊಂಡು ಕೂತು, ಅವರು ಬಿಟ್ಟ ಬನ್ನನ್ನು ಕೈಗೆತ್ತಿಕೊಂಡರು. "ಆ ತಪ್ಪು ಮನೆ ವಿಷಯ ಬಿಡಬೇಡಿ. ಚೆನ್ನಾಗಿತ್ತು."